ನಾಲ್ಕೂವರೆ ಗಂಟೆ ಮುಂದಿದ್ದ ಆಕಾಶ

ಪತ್ರಿಕೆಯ ಮಡಿಕೆಯಲ್ಲಿರುವ ಪಿನ್ನುಗಳನ್ನು ಬಿಚ್ಚಲು ಚಾಕುವಿಗಿಂತ ಜ್ಯಾಮಿತಿ ಪೆಟ್ಟಿಗೆಯ ಡಿವೈಡರು ಒಳ್ಳೆಯದು. ಮೊನೆಯನ್ನು ಪಿನ್ನಿನ ಕೆಳಗೆ ತೂರಿಸಿ ನಿಧಾನವಾಗಿ ಎತ್ತಿದರೆ ಕಾಗದ ಹರಿಯುವುದಿಲ್ಲ. ಇದನ್ನು ನನಗೆ ಕಲಿಸಿದವಳು ಭಾಗವ್ವ. ಬಿ.ಎಸ್ಸಿ.ಯ ಮೂರು ವರ್ಷವೂ ಭೌತಶಾಸ್ತ್ರದ ಪ್ರಯೋಗಾಲಯದಲ್ಲಿ ನಮ್ಮಿಬ್ಬರದು ಒಂದೇ ಮೇಜು.

ಸೋದರಮಾವ ಕುವೈತಿನಿಂದ ತಂದುಕೊಟ್ಟ ಕಂಪ್ಯೂಟರು ವಿಜಯನಗರದ ನಮ್ಮ ಮನೆಯಲ್ಲಿತ್ತು. ಊಟದ ತಟ್ಟೆಗಿಂತ ಚಿಕ್ಕದು, ಕಪ್ಪು ಬಣ್ಣ, ಪೆನ್ಸಿಲ್ ಅಳಿಸುವ ರಬ್ಬರಿನಂಥ ಬೂದು ಗುಂಡಿಗಳು. ನೋಡಲು ಟೀವಿಗೆ ಜೋಡಿಸಬೇಕು, ಮಾಡಿದ್ದನ್ನು ಉಳಿಸಿಕೊಳ್ಳಲು ಟೇಪ್ ರೆಕಾರ್ಡರಿಗೆ ಜೋಡಿಸಬೇಕು. ಪ್ರೋಗ್ರಾಮುಗಳು ಇಂಗ್ಲೆಂಡಿನ ಪತ್ರಿಕೆಗಳಲ್ಲಿ ಸಾಲು ಸಾಲಾಗಿ ಅಚ್ಚಾಗಿರುತ್ತಿದ್ದವು. ಒಬ್ಬರು ಓದಬೇಕು, ಇನ್ನೊಬ್ಬರು ಟೈಪ್ ಮಾಡಬೇಕು. ಆ ಪತ್ರಿಕೆಗಳು ತಿಂಗಳುಗಟ್ಟಲೆ ಹಳೆಯವಾದ ಮೇಲೆ ಮೆಜೆಸ್ಟಿಕ್ಕಿನ ಫುಟ್‌ಪಾತಿಗೆ ಬರುತ್ತಿದ್ದವು. ಇಬ್ಬರೂ ಸೇರಿ ಕೊಳ್ಳುತ್ತಿದ್ದೆವು.

ಕೊಂಡಿದ್ದು ಯಾರ ಮನೆಯಲ್ಲಿರಬೇಕು ಎಂಬ ಪ್ರಶ್ನೆಗೆ ಭಾಗವ್ವ ಒಂದು ಉಪಾಯ ಕಂಡುಹಿಡಿದಳು. ಪಿನ್ನು ಬಿಚ್ಚಿದರೆ ಅರವತ್ತನಾಲ್ಕು ಪುಟದ ಪತ್ರಿಕೆಯಲ್ಲಿ ಹದಿನಾರು ಜೋಡಿಹಾಳೆ. ಮೊದಲನೆಯದು ನನಗೆ, ಎರಡನೆಯದು ಅವಳಿಗೆ, ಮೂರನೆಯದು ಮತ್ತೆ ನನಗೆ. ಹೀಗೆ ಹಂಚಿಕೊಂಡರೆ ಯಾವ ಲೇಖನವೂ ಒಬ್ಬರ ಹತ್ತಿರ ಪೂರ್ತಿ ಇರುವುದಿಲ್ಲ. ಅರ್ಧರ್ಧ ಹರಿದು ಹಂಚಿಕೊಳ್ಳೋಣ ಎಂದು ನಾನು ಹೇಳಿದ್ದೆ. ಹಾಗೆ ಮಾಡಿದರೆ ನೀನು ನನ್ನನ್ನು ಕರೆಯುವುದೇ ಇಲ್ಲ ಎಂದು ಅವಳು ನಕ್ಕಿದ್ದಳು. ಅವಳ ಊರು ಇಳಕಲ್ಲು. ಇಲ್ಲಿ ರಾಜಾಜಿನಗರದಲ್ಲಿ ದೊಡ್ಡಪ್ಪನ ಮನೆಯಲ್ಲಿದ್ದುಕೊಂಡು ಓದುತ್ತಿದ್ದಳು. ಭಾನುವಾರ ಮಧ್ಯಾಹ್ನ ತನ್ನ ಹಾಳೆಗಳನ್ನು ಬಟ್ಟೆಚೀಲದಲ್ಲಿಟ್ಟುಕೊಂಡು ನಡೆದು ಬರುತ್ತಿದ್ದಳು.

1987ರ ಜನವರಿಯಲ್ಲಿ ಸಿಕ್ಕ ಸಂಚಿಕೆಯಲ್ಲಿ ಆಕಾಶ ಬರೆಯುವ ಪ್ರೋಗ್ರಾಮು ಇತ್ತು. ದಿನ, ಗಂಟೆ, ಊರಿನ ಅಕ್ಷಾಂಶ ರೇಖಾಂಶ ಕೊಟ್ಟರೆ ಆ ಹೊತ್ತಿನ ನಕ್ಷತ್ರಗಳು ಪರದೆಯ ಮೇಲೆ ಚುಕ್ಕಿ ಚುಕ್ಕಿಯಾಗಿ ಮೂಡುತ್ತವೆ. ಒಂದು ಭಾನುವಾರ ಕೂತು ನನ್ನ ಹಾಳೆಯ ಸಾಲುಗಳನ್ನೆಲ್ಲ ಮುಗಿಸಿದೆವು. ಮುಂದಿನ ಭಾನುವಾರ ಭಾಗವ್ವನಿಗೆ ಜ್ವರ. ಅದರ ಮುಂದಿನ ವಾರ ದೊಡ್ಡಪ್ಪನ ಮನೆಯಲ್ಲಿ ನಾಮಕರಣ. ಮೂರನೆಯ ವಾರವೂ ಏನೋ ಒಂದು.

ನನಗೆ ತಾಳ್ಮೆ ಇರಲಿಲ್ಲ. ಪ್ರಯೋಗಾಲಯದಲ್ಲಿ ಅವಳು ವೈವಾಗೆ ಹೋದಾಗ ಚೀಲ ಮೇಜಿನ ಕೆಳಗಿತ್ತು, ಭಾನುವಾರದ ಹಾಳೆಗಳು ಇನ್ನೂ ಅದರಲ್ಲೇ ಇದ್ದವು. ಪ್ರೋಗ್ರಾಮಿದ್ದ ಹಾಳೆಗಳನ್ನು ತೆಗೆದು, ಅವಳು ಬರುವುದರೊಳಗೆ ನನ್ನ ರೆಕಾರ್ಡ್ ಪುಸ್ತಕದ ಹಿಂದಿನ ಪುಟಗಳಿಗೆ ನಕಲು ಮಾಡಿ, ಇದ್ದ ಹಾಗೇ ಮಡಿಸಿ ಇಟ್ಟೆ. ಅವತ್ತು ಸಂಜೆಯೇ ಟೈಪ್ ಮಾಡಿ ಮುಗಿಸಿದೆ. ಪರದೆಯ ಮೇಲೆ ಆಕಾಶ ಮೂಡಿತು. ಆದರೆ ಫೆಬ್ರವರಿಯ ರಾತ್ರಿ ಎಂಟು ಗಂಟೆಗೆ ನೆತ್ತಿಯ ಹತ್ತಿರ ಇರಬೇಕಾದ, ನಕ್ಷತ್ರಗಳ ಬೇಟೆಗಾರ ಮಹಾವ್ಯಾಧ ಪಡುವಣದಲ್ಲಿ ಮುಳುಗಲು ಹೊರಟಿದ್ದ. ತಾರಸಿಗೆ ಹೋಗಿ ನೋಡಿದೆ. ಆಕಾಶ ಸರಿಯಾಗಿಯೇ ಇತ್ತು. ನನ್ನದು ತಪ್ಪಾಗಿತ್ತು.

ಒಂದು ವಾರದ ಮೇಲೆ ಯಾವುದೋ ಗ್ರಾಫಿಗಾಗಿ ಭಾಗವ್ವ ನನ್ನ ರೆಕಾರ್ಡ್ ಪುಸ್ತಕ ತೆಗೆದುಕೊಂಡು ಹೋದಳು. ಹಿಂದಿನ ಪುಟಗಳು ಆಗ ನನಗೆ ನೆನಪಾಗಲಿಲ್ಲ. ಮರುದಿನ ಪುಸ್ತಕ ಹಿಂದಕ್ಕೆ ಕೊಟ್ಟಳು, ಏನೂ ಹೇಳಲಿಲ್ಲ. ಆಮೇಲೆ ಭಾನುವಾರ ಬರಲೂ ಇಲ್ಲ. ಪರೀಕ್ಷೆ ಮುಗಿದ ಕೂಡಲೇ ಊರಿಗೆ ಹೋದಳು. ಕಂಪ್ಯೂಟರನ್ನು ನಾನು ಅಟ್ಟಕ್ಕೆ ಹಾಕಿದೆ.

ಮೂವತ್ತೆರಡು ವರ್ಷ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿ ಕಳೆದ ವರ್ಷ ನಿವೃತ್ತಳಾದೆ. ಅದೇ ಹೊತ್ತಿಗೆ ಹಳೆಯ ವಿದ್ಯಾರ್ಥಿಗಳ ವಾಟ್ಸ್ಯಾಪ್ ಗುಂಪಿನಲ್ಲಿ ಭಾಗವ್ವನ ನಂಬರು ಬಂತು. ಇಳಕಲ್ಲಿನ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದಳಂತೆ, ಈಗ ಮಗಳು ಶಿಲ್ಪಾಳ ಜೊತೆ ಬ್ಯಾಡರಹಳ್ಳಿಯಲ್ಲಿ ಇದ್ದಾಳಂತೆ. ಒಂದು ಬಸ್ಸಿನ ದೂರ. ಎಂಟು ತಿಂಗಳು ಆ ನಂಬರು ಫೋನಿನಲ್ಲಿತ್ತು. ನಾನು ಒತ್ತಲಿಲ್ಲ.

ಬದಲಿಗೆ ಅಟ್ಟದಿಂದ ಕಂಪ್ಯೂಟರು ಇಳಿಸಿದೆ. ಟೀವಿ ರಿಪೇರಿಯ ಮುತ್ತುರಾಜ ಮೊದಲು ಇದೇನು ಆಟದ ಸಾಮಾನೇ ಎಂದು ಕೇಳಿದ. ಆಮೇಲೆ ಅವನಿಗೇ ಹುರುಪು ಬಂದು ಎರಡು ವಾರ ಇಟ್ಟುಕೊಂಡ. ಗುಂಡಿಗಳ ಕೆಳಗಿನ ಪ್ಲಾಸ್ಟಿಕ್ ಪದರ ಬದಲಿಸಿದ, ಟೇಪ್ ರೆಕಾರ್ಡರಿಗೆ ಹೊಸ ಬೆಲ್ಟು ಹಾಕಿದ, ಈಗಿನ ಟೀವಿಗೆ ಹೊಂದುವಂತೆ ಒಂದು ತಂತಿ ಬೆಸೆದ. "ಇದು ಕೆಟ್ಟಿರಲಿಲ್ಲ ಮೇಡಂ, ಮಲಗಿತ್ತು ಅಷ್ಟೆ," ಎಂದು ಕೊಟ್ಟ.

ಹಳೆಯ ಕ್ಯಾಸೆಟ್ಟು ಹಾಕಿದೆ. ಪ್ರೋಗ್ರಾಮು ಟೇಪಿನಿಂದ ಒಳಗೆ ಇಳಿಯುವ ಕೀರಲು ಸದ್ದು ಐದು ನಿಮಿಷ ಮನೆಯೆಲ್ಲ ತುಂಬಿತು. ಕೆಳಗಿನ ಮನೆಯಿಂದ ತಮ್ಮನ ಮಗಳು ಸ್ಮೃತಿ ಏನಾಯಿತೆಂದು ಓಡಿಬಂದಳು. 1987ರ ಅದೇ ದಿನ, ಅದೇ ಎಂಟು ಗಂಟೆ ಕೊಟ್ಟೆ. ಚುಕ್ಕಿಗಳು ಒಂದೊಂದಾಗಿ ಬಿದ್ದವು. ಮಹಾವ್ಯಾಧ ಪಡುವಣದಲ್ಲೇ ಇದ್ದ.

ತಪ್ಪು ನಾನು ನಕಲು ಮಾಡಿದ ಭಾಗದಲ್ಲೇ ಇರಬೇಕು, ಆ ಮೂಲ ಹಾಳೆ ನನ್ನಲ್ಲಿಲ್ಲ ಎಂದು ಸ್ಮೃತಿಗೆ ವಿವರಿಸಿದೆ.

"ಅತ್ತೆ, ಈ ಮ್ಯಾಗಝೀನೆಲ್ಲಾ ಸ್ಕ್ಯಾನ್ ಮಾಡಿ ನೆಟ್ಟಲ್ಲಿ ಹಾಕಿರ್ತಾರೆ. ಎರಡು ನಿಮಿಷ, ಹುಡುಕಿ ಕೊಡ್ತೀನಿ."

ಬೇಡ ಎಂದೆ. ಒಮ್ಮೆ ಕೇಳದೆ ತೆಗೆದುಕೊಂಡಿದ್ದೇನೆ. ಅವಳು ಕೆಳಗಿಳಿದು ಹೋದ ಮೇಲೆ ನಂಬರು ಒತ್ತಿದೆ.

ಭಾಗವ್ವ ನನ್ನ ದನಿ ಗುರುತಿಸಿದಳು. ಮಕ್ಕಳು, ಮಂಡಿನೋವು, ಮಾಗಡಿ ರಸ್ತೆಯ ಟ್ರಾಫಿಕ್ಕು ಎಲ್ಲ ಮಾತಾಡಿದೆವು. ಕೊನೆಗೆ ನಾನು, ಕಂಪ್ಯೂಟರು ರಿಪೇರಿ ಮಾಡಿಸಿದ್ದೀನಿ, ಆಕಾಶ ಇನ್ನೂ ತಪ್ಪೇ ಬರ್ತಿದೆ ಎಂದೆ.

"ಎಷ್ಟು ತಾಸು ಮುಂದ ಐತಿ? ನಾಕೂವರಿ?"

ಮುಂದಿದೆ ಎಂದು ನಾನು ಹೇಳಿರಲಿಲ್ಲ.

"ನಿನಗೆ ಹೇಗೆ ಗೊತ್ತು?"

"ರವಿವಾರ ಬರ್ತೀನಿ. ಹಾಳಿ ನನ್ನ ಹಂತೇಕ ಅದಾವು," ಎಂದು ಫೋನು ಇಟ್ಟಳು.

ಭಾನುವಾರ ಹನ್ನೊಂದಕ್ಕೆ ಬಂದಳು. ಕೂದಲು ಬೆಳ್ಳಗಾಗಿತ್ತು, ಭುಜದ ಮೇಲೆ ಬಟ್ಟೆಚೀಲ. ಚೀಲದೊಳಗೆ ಪ್ಲಾಸ್ಟಿಕ್ ಕವರು, ಕವರಿನೊಳಗೆ ಎಂಟು ಜೋಡಿಹಾಳೆ. ಕೂತವಳೇ ಒಂದು ಸಾಲಿನ ಮೇಲೆ ಬೆರಳಿಟ್ಟಳು. ನಕ್ಷತ್ರಗಳು ದಿನಕ್ಕೆ ಸುಮಾರು ನಾಲ್ಕು ನಿಮಿಷ ಮೊದಲೇ ಹುಟ್ಟುತ್ತವೆ. ಗಂಟೆಯ ಲೆಕ್ಕದಲ್ಲಿ ಅದು 0.0657. ನಾನು ಅವಸರದಲ್ಲಿ 0.0675 ಎಂದು ಬರೆದುಕೊಂಡಿದ್ದೆ. ಎರಡೂ ಹೆಚ್ಚುಕಡಿಮೆ ನಾಲ್ಕು ನಿಮಿಷವೇ, ಕಣ್ಣಿಗೆ ವ್ಯತ್ಯಾಸ ಬೀಳುವುದಿಲ್ಲ. ಆದರೆ ಪ್ರೋಗ್ರಾಮು ದಿನಗಳನ್ನು ಎಣಿಸುತ್ತಿದ್ದುದು 1980ರಿಂದ. ದಿನಕ್ಕೆ ಆರೇಳು ಸೆಕೆಂಡಿನ ತಪ್ಪು ಏಳು ವರ್ಷದಲ್ಲಿ ನಾಲ್ಕೂವರೆ ಗಂಟೆಯಾಗಿತ್ತು.

"ನಿನ್ನ ರೆಕಾರ್ಡಿನಾಗ ಅವತ್ತ ನೋಡೀನಿ," ಎಂದಳು ಭಾಗವ್ವ. "ಎಷ್ಟು ತಾಸು ಫರಕ್ ಬೀಳ್ತೈತಿ ಅಂತ ಅವತ್ತ ಲೆಕ್ಕಾನೂ ಹಾಕಿದ್ದೆ."

"ಮತ್ತೆ ಯಾಕೆ ಹೇಳಲಿಲ್ಲ?"

"ಆಕಾಶ ಸರಿ ಬರೂದಿಲ್ಲ ಅಂದಮ್ಯಾಲ ನೀನ ಬಂದು ಕೇಳ್ತಿ ಅನಕೊಂಡಿದ್ದೆ. ಪರೀಕ್ಷಾ ಮುಗಿಯೂತನಕಾ ಹಾದಿ ನೋಡಿದೆ."

ಚೀಲದಿಂದ ತೆಗೆದದ್ದು ತಪ್ಪು ಎಂದು ನಾನು ಹೇಳಿದೆ. ಅವಳು ಹಾಳೆಯ ಮಡಿಕೆಯನ್ನು ಉಗುರಿನಿಂದ ನೇವರಿಸುತ್ತಾ ಕೂತಿದ್ದಳು. ಕೇಳಿದ್ದರೆ ಕೊಡುತ್ತಿದ್ದೆ ಎನ್ನಲಿಲ್ಲ, ಹೋಗಲಿ ಬಿಡು ಎಂದೂ ಅನ್ನಲಿಲ್ಲ.

ಒಂದು ಸಾಲು ತಾನೇ, ಎರಡು ಅಂಕಿ ಅದಲುಬದಲು ಮಾಡಿದರೆ ಮುಗಿಯಿತು ಎಂದು ನಾನು ಗುಂಡಿಗಳ ಕಡೆ ಕೈ ಚಾಚಿದೆ. ಭಾಗವ್ವ ನನ್ನ ಕೈಯನ್ನು ಪಕ್ಕಕ್ಕೆ ಸರಿಸಿ, ಎಡತುದಿಯ ಒಂದು ಗುಂಡಿ ಒತ್ತಿದಳು. ಒಂದು ಗುಂಡಿಗೆ ಒಂದು ಇಡೀ ಆಜ್ಞೆ ಬರುವ ಯಂತ್ರ ಅದು, ಪರದೆಯ ಮೇಲೆ ನ್ಯೂ ಎಂಬ ಪದ ಬಂತು. ಮುಂದೆ ಎಂಟರ್ ಒತ್ತಿದರೆ ಒಳಗಿರುವುದೆಲ್ಲ ಅಳಿಸಿ ಹೋಗುತ್ತದೆ. ಯಾವ ಗುಂಡಿ ಎಂದು ಅವಳು ಹುಡುಕಬೇಕಾಗಲಿಲ್ಲ. ನನ್ನ ಮುಖ ನೋಡಿ ಅದನ್ನೂ ಒತ್ತಿದಳು.

"ಇದು ನೀ ಒಬ್ಬಾಕಿ ಮುಗಿಸಿದ್ದು," ಎಂದಳು. "ಮೊದಲಿಂದ, ಹತ್ತನೇ ನಂಬರ ಸಾಲಿನಿಂದ ಹೊಡಿ. ನಾ ಓದ್ತೀನಿ."

ಕ್ಯಾಸೆಟ್ಟಿನಲ್ಲಿ ಹಳೆಯದು ಇನ್ನೂ ಇತ್ತು. ಅದನ್ನು ನೆನಪಿಸುವ ಗೋಜಿಗೆ ನಾನು ಹೋಗಲಿಲ್ಲ. ನನ್ನ ಎಂಟು ಹಾಳೆಗಳನ್ನು ತಂದೆ. ಹದಿನಾರನ್ನೂ ಮೇಜಿನ ಮೇಲೆ ಜೋಡಿಸಿದೆವು. ಪತ್ರಿಕೆ ಇಷ್ಟು ದಪ್ಪ ಇತ್ತು ಎಂಬುದು ನನಗೆ ಮರೆತೇ ಹೋಗಿತ್ತು.

ಅವಳು ಓದಿದಳು, ನಾನು ಹೊಡೆದೆ. ಎರಡು ಸಲ ತಪ್ಪಿದೆ. ಎರಡೂ ಸಲ ಅವಳು ಓದುವುದನ್ನು ನಿಲ್ಲಿಸಿ, ನಾನೇ ಕಂಡುಹಿಡಿಯುವವರೆಗೆ ಸುಮ್ಮನೆ ಕೂತಳು. ಊಟವಾಯಿತು, ಸ್ಮೃತಿ ಕಾಫಿ ತಂದುಕೊಟ್ಟಳು. ಐದು ಗಂಟೆಯ ಹೊತ್ತಿಗೆ ಅರ್ಧವೂ ಆಗಿರಲಿಲ್ಲ. ಕತ್ತಲಾಗುವ ಮುಂಚೆ ಮನೆ ಸೇರಬೇಕೆಂದು ಭಾಗವ್ವ ಎದ್ದಳು. ಆದಷ್ಟನ್ನು ಹಳೆಯ ಆಕಾಶವಿದ್ದ ಕ್ಯಾಸೆಟ್ಟಿಗೇ, ಅದರ ಮೇಲೆಯೇ ಉಳಿಸಿದೆ.

ಅವಳು ಹಾಳೆಗಳನ್ನು ಒಂದು ಬಿಟ್ಟು ಒಂದರಂತೆ ಎತ್ತಿ, ಎಂಟೂ ಇವೆಯೆಂದು ನೋಡಿಕೊಂಡು, ಚೀಲಕ್ಕೆ ಹಾಕಿಕೊಂಡು ಮೆಟ್ಟಿಲಿಳಿದಳು.