ಸುತ್ತಲೂ ನೀರು

"ದೋಣೀಲಿ ಮಧ್ಯದ ಸೀಟು ಹಿಡೀರಿ. ಮುಂದೆ ಕೂತ್ರೆ ಎತ್ತೆತ್ತಿ ಹಾಕುತ್ತೆ, ಹಿಂದೆ ಕೂತ್ರೆ ಡೀಸೆಲ್ ಹೊಗೆ. ವಾಂತಿ ಮಾತ್ರೆ ಹತ್ತಿದ ಮೇಲಲ್ಲ, ಹತ್ತೋಕೆ ಮುಂಚೆ ನುಂಗ್ಬೇಕು. ಬರ್ಕೊಂಡ್ರಾ?"

ಸರ್ವೇಯರ್ ಸಾಹೇಬರು ಫೋನಿನಲ್ಲಿದ್ದರು. ಆ ಕಡೆ ಇದ್ದವನು ಅವರ ಆಫೀಸಿನ ಹೊಸ ಮದುವಣಿಗ. ದ್ವೀಪಕ್ಕೆ ಹೊರಟವರು ಟಿಕೆಟ್ ಮಾಡಿಸುವ ಮೊದಲು ಸಾಹೇಬರನ್ನು ಕೇಳುವುದು ಆಫೀಸಿನಲ್ಲೂ ಬೀದಿಯಲ್ಲೂ ರೂಢಿಯಾಗಿತ್ತು. ಯಾವ ತಿಂಗಳು ಹೋಗಬೇಕು, ಹವಳದ ಬಂಡೆಯ ಮೇಲೆ ಯಾವ ಚಪ್ಪಲಿ, ಜೆಲ್ಲಿ ಮೀನು ಕುಟುಕಿದರೆ ಏನು ಮಾಡಬಾರದು, ಎಲ್ಲ ಅವರ ನಾಲಗೆಯ ತುದಿಯಲ್ಲಿತ್ತು. ಅವರ ಮಾತು ಕೇಳಿ ಹೋದವರು ಮೈ ಕಂದಿಸಿಕೊಂಡು, ಖುಷಿಯಾಗಿ ಬಂದು, ಒಂದು ಶಂಖವನ್ನೋ ಕಪ್ಪೆಚಿಪ್ಪನ್ನೋ ಕೊಟ್ಟು ಹೋಗುತ್ತಿದ್ದರು. ಷೋಕೇಸು ತುಂಬಿತ್ತು. ಸಾಹೇಬರು ಮಾತ್ರ ಇಂದಿನವರೆಗೆ ಒಂದು ದ್ವೀಪವನ್ನೂ ಕಣ್ಣಾರೆ ಕಂಡವರಲ್ಲ.

ಅವರ ಕೆಲಸವೇ ಅಂಥದ್ದು. ವಿಮಾ ಕಂಪನಿಯ ಪರವಾಗಿ ಜಜ್ಜಿಹೋದ ಕಾರು, ಸುಟ್ಟ ಗೋದಾಮು, ನೀರು ನುಗ್ಗಿದ ಅಂಗಡಿ ನೋಡಿ ಬರುವುದು. ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಕೊನೆಗೆ ಅವರು ಕೇಳುವುದು ಒಂದೇ ಪ್ರಶ್ನೆ: "ಇದನ್ನ ತಪ್ಪಿಸಬಹುದಿತ್ತಾ?" ಆ ಪ್ರಶ್ನೆ ಆಫೀಸಿನಲ್ಲೇ ಉಳಿದಿದ್ದರೆ ಚೆನ್ನಾಗಿತ್ತು. ಅದು ಸಂಜೆ ಅವರ ಜೊತೆಗೇ ಮನೆಗೆ ಬರುತ್ತಿತ್ತು. ಪ್ರತಿ ವರ್ಷ ದ್ವೀಪದ ಪ್ರವಾಸ ತಯಾರಾಗುತ್ತಿತ್ತು, ಪ್ರತಿ ವರ್ಷ ಒಂದು ಚಂಡಮಾರುತವೋ ಒಂದು ಜ್ವರದ ಸುದ್ದಿಯೋ ಅದನ್ನು ನುಂಗಿಹಾಕುತ್ತಿತ್ತು.

ಹಜಾರದ ಇನ್ನೊಂದು ಮೂಲೆಯಲ್ಲಿ ಅವರ ಹೆಂಡತಿ ಹೊಲಿಗೆ ಮಷಿನ್ ತುಳಿಯುತ್ತಿದ್ದಳು. ಊರಿನ ಮನೆಗಳಿಗೆ ಪರದೆ ಹೊಲಿಯುವುದು ಅವಳ ಕೆಲಸ. ಪಕ್ಕದಲ್ಲಿ ಅವಳ ಅತ್ತೆ, ಸಾಹೇಬರ ತಾಯಿ, ಬಟಾಣಿ ಸುಲಿಯುತ್ತಿದ್ದರು. ಅತ್ತೆ ಭೂಗೋಳದ ಮೇಡಂ ಆಗಿದ್ದವರು. ಸುತ್ತಲೂ ನೀರಿನಿಂದ ಆವೃತವಾದ ಭೂಭಾಗವೇ ದ್ವೀಪ ಎಂದು ನೌಕರಿಯುದ್ದಕ್ಕೂ ಕಿರುಚಿ ಕಿರುಚಿ ಗಂಟಲು ಒಡೆದುಕೊಂಡವರು. ಮೂರು ಕಡೆ ನೀರು ಎಂದ ಹುಡುಗರನ್ನು ಬೆಂಚಿನ ಮೇಲೆ ನಿಲ್ಲಿಸಿದವರು. ಅವರೂ ದ್ವೀಪ ನೋಡಿದ್ದು ಗೋಡೆಗೆ ತೂಗುಹಾಕಿದ ನಕಾಶೆಯಲ್ಲಿ ಮಾತ್ರ.

ಹೋದ ವಾರ ಹೃದಯದ ಡಾಕ್ಟರು ಅತ್ತೆಗೆ ಸುತ್ತುಬಳಸದೆ ಹೇಳಿದ್ದರು: "ಎಲ್ಲಾದ್ರೂ ಹೋಗ್ಬೇಕು ಅಂತಿದ್ರೆ ಈಗ್ಲೇ ಹೋಗ್ಬನ್ನಿ ಅಮ್ಮ. ಮುಂದಿನ ವರ್ಷದ ಮಾತು ನಾನು ಕೊಡಲಾರೆ."

ಊಟಕ್ಕೆ ಕೂತಾಗ ಅತ್ತೆಯೇ ಮಾತು ತೆಗೆದರು. "ಈ ಸಲ ಹೋಗೋಣ ಕಣೋ."

"ಈಗ ಮಳೆಗಾಲ ಅಮ್ಮ," ಎಂದರು ಸಾಹೇಬರು. "ಅಲೆ ಜೋರು. ಎಷ್ಟೋ ಸಲ ದೋಣಿನೇ ಬಿಡಲ್ಲ. ಬೇಸಿಗೆ ಬರ್ಲಿ, ನೋಡೋಣ."

ಆ ಮನೆಯಲ್ಲಿ 'ನೋಡೋಣ' ಎಂದರೆ ಫೈಲು ಮುಚ್ಚಿತು ಎಂದೇ ಅರ್ಥ. ಇಷ್ಟು ವರ್ಷ ಆ ಮಾತಿಗೆ ಹೂಂಗುಟ್ಟಿಕೊಂಡು ಬಂದಿದ್ದ ಸೊಸೆಗೆ ಇವತ್ತು ಮೈಯೆಲ್ಲ ಉರಿದುಹೋಯಿತು. ಸಾರಿನ ಪಾತ್ರೆಯನ್ನು ಕುಕ್ಕಿ ಇಟ್ಟಳು.

"ಟಿಕೆಟ್ ಆಗಿದೆ. ಅತ್ತೇದು, ನಂದು."

"ಯಾರನ್ನ ಕೇಳಿ?"

"ನಿಮ್ಮನ್ನೇ ಕೇಳಿ. ನೀವು ಊರಿಗೆಲ್ಲ ಫೋನಲ್ಲಿ ಹೇಳೋದನ್ನ ಮಷಿನ್ ತುಳೀತಾ ನಾನೂ ಕೇಳಿಸ್ಕೊಂಡಿಲ್ವಾ? ಔಷಧಿ ಎಲ್ಲ ಕೈಚೀಲದಲ್ಲಿ. ರೂಮು ನೆಲಮಹಡೀಲಿ, ಗಾಳಿ ಬೀಸೋ ಕಡೆಗೆ, ಸೊಳ್ಳೆ ಕಮ್ಮಿ. ವಾಪಸ್ ಬರುವಾಗ ದೋಣಿಗೂ ವಿಮಾನಕ್ಕೂ ನಡುವೆ ಒಂದು ದಿನ ಬಿಟ್ಟಿದೀನಿ. ನೀವು ಹೇಳಿದ್ದು ಒಂದೂ ಬಿಟ್ಟಿಲ್ಲ ರೀ. ನೀವು ಹೇಳದೇ ಇದ್ದಿದ್ದು ಒಂದೇ, ಹೊರಡೋದು. ಅದನ್ನ ನಾವೇ ಮಾಡ್ತೀವಿ. ಬರ್ತೀರಾದ್ರೆ ನಿಮ್ದೂ ಮಾಡಿಸ್ತೀನಿ."

ಸಾಹೇಬರು ಅವಳ ಕಡೆ ನೋಡಲಿಲ್ಲ. ತಾಯಿಯ ಕಡೆ ತಿರುಗಿದರು. "ಅಮ್ಮ, ಮಳೆ ಹಿಡ್ಕೊಂಡ್ರೆ?"

"ನೆನೀತೀನಿ."

"ಅಲೆ ಬಂದ್ರೆ?"

"ಅದನ್ನ ನೋಡೋಕೇ ಕಣೋ ಹೋಗ್ತಿರೋದು."

"ಅಲ್ಲಿ ಏನಾದ್ರೂ ಆದ್ರೆ? ಒಂದು ನೆಟ್ಟಗಿನ ಆಸ್ಪತ್ರೆ ಇಲ್ಲ!"

ಅತ್ತೆ ಲೋಟದ ನೀರನ್ನು ಪೂರ್ತಿ ಕುಡಿದು ಕೆಳಗಿಟ್ಟರು. "ನಾನು ಸತ್ತ ಮೇಲೆ ಬೂದೀನ ತಗೊಂಡು ಹೋಗಿ ಸಮುದ್ರಕ್ಕೇ ತಾನೇ ಬಿಡ್ತೀಯ? ಆಗ ಯಾವ ತಿಂಗಳು ಒಳ್ಳೇದು ಅಂತ ನೋಡ್ತೀಯಾ? ನಂಗೆ ಕಣ್ಣು ಬಿಟ್ಕೊಂಡು ಹೋಗ್ಬೇಕಾಗಿದೆ."

ಸಾಹೇಬರ ಕಣ್ಣು ತುಂಬಿದ್ದು ಸೊಸೆಗೆ ಕಂಡಿತು, ಪಾಪ ಎನಿಸಿತು. ಹಾಗೆ ಪಾಪ ಎಂದುಕೊಂಡೇ ಇಷ್ಟು ವರ್ಷ ಕಳೆದವು ಎಂಬುದೂ ನೆನಪಾಗಿ ಎದ್ದು ಕೈತೊಳೆದಳು.

ಮರುದಿನದಿಂದ ಪರದೆಗಳು ಮೂಲೆ ಸೇರಿದವು. ಅತ್ತೆಗೆ ನೀರಿಗಿಳಿಯುವ ಉಡುಪು ಆಗಬೇಕಿತ್ತು. ಹತ್ತಿ ಬಟ್ಟೆ ನೀರು ಕುಡಿದು ಮಣಭಾರವಾಗುತ್ತದೆಂದು ಸೊಸೆ ತೆಳು ನೈಲಾನ್ ತಂದು ಅಳತೆ ತೆಗೆದಳು. ಬಣ್ಣ ಅತ್ತೆ ಆರಿಸಿದ್ದು, ಕಣ್ಣು ಕುಕ್ಕುವ ಕಿತ್ತಳೆ. ಎದುರುಮನೆಯಾಕೆ ಬಂದು, "ಈ ವಯಸ್ಸಲ್ಲಿ ಇದೆಲ್ಲ ಬೇಕಿತ್ತಾ ಮೇಡಂ?" ಎಂದಾಗ ಅತ್ತೆ, "ಬೇರೆ ಯಾವ ವಯಸ್ಸು ಉಳಿದಿದೆ ಹೇಳು, ಆಗ ಹೊಲಿಸ್ಕೋತೀನಿ," ಎಂದು ಕನ್ನಡಿಯ ಮುಂದೆ ತಿರುಗಿ ತಿರುಗಿ ನೋಡಿಕೊಂಡರು. ಸಾಹೇಬರು ಪೇಪರಿನ ಹಿಂದಿನಿಂದ ತಲೆ ಎತ್ತಲಿಲ್ಲ. ಟಿಕೆಟ್ಟನ್ನೂ ಕೇಳಲಿಲ್ಲ.

ಹೊರಡುವ ದಿನ ಕಾರಿನ ಡಿಕ್ಕಿ ಮುಚ್ಚುವಾಗ ಅವರು ಓಡಿಬಂದರು. ಕೈಯಲ್ಲಿ ಅಗಲ ಅಂಚಿನ ಟೋಪಿ, ಎರಡು ಜೊತೆ ರಬ್ಬರ್ ಷೂ. ಅಂಗಡಿಯ ಚೀಟಿಯನ್ನೂ ಕಿತ್ತಿರಲಿಲ್ಲ.

"ಅಮ್ಮ, ಮೊಣಕಾಲಿಗಿಂತ ಮೇಲೆ ನೀರು ಬರೋ ಕಡೆ ಹೋಗ್ಬೇಡ."

ಟೋಪಿ ತಲೆಗೇರಿಸಿಕೊಂಡು ಅತ್ತೆ ಕಾರಿನ ಗಾಜು ಇಳಿಸಿದರು.

"ನೋಡೋಣ," ಎಂದರು.

ದೋಣಿ ಒಂದು ದಿನ ತಡವಾಗಿಯೇ ಬಿಟ್ಟಿತು. ಮಧ್ಯದ ಸೀಟಿನಲ್ಲಿ ಕೂತರೂ ಸೊಸೆ ವಾಂತಿ ಮಾಡಿಕೊಂಡಳು. ಅತ್ತೆ ಸರಳು ಹಿಡಿದು ಕಣ್ಣು ಮಿಟುಕಿಸದೆ ಕೂತಿದ್ದರು. ದ್ವೀಪದಲ್ಲಿ ಮಳೆ. ದಂಡೆಯಲ್ಲಿ ಒಂದು ನರಪಿಳ್ಳೆ ಇಲ್ಲ. ರೂಮಿನ ಯಜಮಾನ ಇಂಥ ಕಾಲದಲ್ಲಿ ಬಂದವರನ್ನು ಅಚ್ಚರಿಯಿಂದ ನೋಡಿ, ಕೇಳಿದ್ದಕ್ಕೆ ಒಂದು ಪ್ಲಾಸ್ಟಿಕ್ ಕುರ್ಚಿ ಕೊಟ್ಟ.

ಬಂಡೆಗಳು ಅಲೆಯನ್ನು ತಡೆದು ನೀರು ಸಮಾಧಾನವಾಗಿದ್ದ ಕಡೆ ಸೊಸೆ ಕುರ್ಚಿ ಹಾಕಿದಳು. ಕಿತ್ತಳೆ ಉಡುಪಿನ ಅತ್ತೆ ಅದರಲ್ಲಿ ಕೂತು ಕಾಲು ಚಾಚಿದರು. ಅಷ್ಟರಲ್ಲಿ ಫೋನು.

"ಮಳೆ ಇದ್ಯಾ?" ಎಂದರು ಸಾಹೇಬರು.

"ಇದೆ."

"ಅಲೆ?"

"ಇದೆ."

"ಅಮ್ಮ ಎಲ್ಲಿ?"

"ನೀರಲ್ಲಿ."

ಸೊಸೆ ಫೋನನ್ನು ಸಮುದ್ರದ ಕಡೆಗೆ ಹಿಡಿದಳು, ಕೇಳಲಿ ಎಂದು. ಮತ್ತೆ ಕಿವಿಗಿಟ್ಟುಕೊಂಡಾಗ ಸಾಹೇಬರು ಹೇಳುತ್ತಿದ್ದರು:

"ಕುರ್ಚಿ ಕಾಲು ಮರಳಲ್ಲಿ ಹೂತ್ಕೊಂಡು ವಾಲುತ್ತೆ ಕಣೇ. ಹಿಂದೆ ಗಟ್ಟಿಯಾಗಿ ಹಿಡ್ಕೊಂಡಿರು."

"ಹಿಡ್ಕೊಂಡಿದೀನಿ ರೀ," ಎಂದು ಅವಳು ಫೋನನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿಕೊಂಡಳು.

"ಕುರ್ಚಿ ಇನ್ನೂ ಮುಂದೆ ಹಾಕು," ಎಂದರು ಅತ್ತೆ.

"ಆಗ್ಲೇ ಮೊಣಕಾಲು ಮುಳುಗಿದೆ ಅತ್ತೆ."

"ಮುಂದೆ ನೀರು, ಎಡಕ್ಕೆ ನೀರು, ಬಲಕ್ಕೆ ನೀರು. ಹಿಂದೆ ನೋಡು, ಇನ್ನೂ ಮರಳಿದೆ. ಇಷ್ಟಕ್ಕೇ ನಾನು ಮಕ್ಕಳನ್ನ ಬೆಂಚು ಹತ್ತಿಸ್ತಿದ್ದೆ. ಹಾಕು ಮುಂದೆ."

ಸೊಸೆ ಅತ್ತೆಯನ್ನು ತೋಳು ಹಿಡಿದು ಎಬ್ಬಿಸಿದಳು. ಕುರ್ಚಿಯನ್ನು ಮರಳಿನಿಂದ ಕಿತ್ತು ಮುಂದೆ, ಬಂಡೆಗಳ ಮರೆ ಮುಗಿಯುವಲ್ಲಿ ಊರಿದಳು, ಅತ್ತೆಯನ್ನು ಕೂರಿಸಿ ಬೆನ್ನಿಗೆ ತಾನೇ ಆತು ನಿಂತಳು. ಮುಂದಿನ ಅಲೆ ಟೋಪಿಯನ್ನು ಎಗರಿಸಿಕೊಂಡು ಇಬ್ಬರನ್ನೂ ದಾಟಿ ಹೋಯಿತು, ದಂಡೆಯನ್ನು ಮುಟ್ಟಿ ವಾಪಸಾಗಿ ಕುರ್ಚಿಯ ಹಿಂದೆ ಬಂದು ಸೇರಿತು.