ಅರ್ಧ ಗಂಟೆಯ ಬಾಗಿಲು

"ಬಾಯಿ ತೆಗಿ."

ಅವಳು ತೆಗೆಯಲಿಲ್ಲ. ತುಟಿ ಬಿಗಿಹಿಡಿದು ಗೋಡೆಯ ಕಡೆಗೆ ಮುಖ ತಿರುಗಿಸಿದಳು. ಹಿಸುಕಿದ ಮೊಟ್ಟೆಯ ಚೂರೊಂದು ಚಮಚದಿಂದ ಜಾರಿ ಹೊದಿಕೆಯ ಮೇಲೆ ಬಿತ್ತು.

"ಈಗ ತಾನೆ ಹಾಲು ಕುಡಿಸಿದ್ರಲ್ರೀ."

"ಅದು ವ್ಯಾಯಾಮಕ್ಕೆ ಮುಂಚಿಂದು. ಇದು ಆದ ಮೇಲಿಂದು."

"ನಾನೇನು ನಿಮ್ಮ ಬಾಯ್ಲರಾ? ನೆತ್ತಿ ಮೇಲೆ ಹೊಗೆ ಬರ್ತಿದೆಯಾ ನೋಡಿ ಸ್ವಲ್ಪ."

ಅವನಿಗೆ ನಗು ಬರಲಿಲ್ಲ. ಗೋಡೆಯ ಗಡಿಯಾರ ನೋಡಿ, ಬಿದ್ದ ಚೂರನ್ನು ಬೆರಳಿನಿಂದ ತೆಗೆದು ತನ್ನ ಬಾಯಿಗೆ ಹಾಕಿಕೊಂಡು, ಮತ್ತೆ ಚಮಚ ತುಂಬಿಸಿದ. ಅವಳು ನಿಟ್ಟುಸಿರು ಬಿಟ್ಟು ಬಾಯಿ ತೆರೆದಳು.

ಕಾರ್ಖಾನೆಯಲ್ಲಿ ಅವನನ್ನು ಬೆಂಕಿರಾಯ ಎಂದು ಕರೆಯುತ್ತಿದ್ದರು. ನಿವೃತ್ತನಾಗುವವರೆಗೂ ಅವನು ಮಾಡಿದ್ದು ಒಂದೇ ಕೆಲಸ, ಬಾಯ್ಲರಿನ ಒಲೆಗೆ ಕಲ್ಲಿದ್ದಲು ಹಾಕುವುದು. ಒಂದೇ ಸಲ ರಾಶಿ ಸುರಿದರೆ ಬೆಂಕಿ ಉಸಿರುಕಟ್ಟಿ ಸಾಯುತ್ತದೆ. ಸ್ವಲ್ಪ ಸ್ವಲ್ಪವೇ, ಹೊತ್ತು ತಪ್ಪದೆ, ತೆಳ್ಳಗೆ ಹರಡಬೇಕು. ಒಲೆಯ ಬಾಗಿಲನ್ನು ತೆರೆದಷ್ಟೇ ಬೇಗ ಮುಚ್ಚಬೇಕು. ಅವನ ಪಾಳಿಯಲ್ಲಿ ಹಬೆ ಇಳಿದದ್ದನ್ನು ಯಾರೂ ಕಂಡವರಿಲ್ಲ.

ಎದೆಗೆ ಸೋಂಕು ತಗುಲಿ ಹೆಂಡತಿ ಬಹಳ ದಿನ ಆಸ್ಪತ್ರೆಯಲ್ಲಿ ಮಲಗಿದಳು. ಮನೆಗೆ ಬಂದಾಗ ಅವಳ ತೊಡೆಗಳು ಮುಂಗೈಯಷ್ಟಾಗಿದ್ದವು. ತಾನಾಗಿ ಎದ್ದು ನಿಲ್ಲಲಾರಳು. ಬಚ್ಚಲಿಗೆ ಅವನೇ ಎತ್ತಿಕೊಂಡು ಹೋಗಬೇಕು. ಹಾಗೆ ಹೋಗುವಾಗಲೆಲ್ಲ ಅವಳು ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ದೇವರಲ್ಲಿ ಅವನು ಬೇರೇನನ್ನೂ ಕೇಳುತ್ತಿರಲಿಲ್ಲ. ಬಚ್ಚಲಿನವರೆಗೆ ನಡೆಯುವಷ್ಟು ಕಾಲು ಕೊಡಪ್ಪ, ಸಾಕು.

ಕೆಳಗಿನ ಮನೆಯಲ್ಲಿ ಜಿಮ್ ನಡೆಸುವ ಮಾಸ್ಟರೊಬ್ಬನಿದ್ದ. ಒಳ್ಳೆಯ ಮನುಷ್ಯ. ಮೆಟ್ಟಿಲ ಮೇಲೆ ಸಿಕ್ಕಾಗ ಬೆಂಕಿರಾಯ ಕೇಳಿದ, "ಮಾಂಸ ಕೂಡೋದು ಹೇಗಪ್ಪಾ?"

"ಎರಡು ಮೂರು ಗಂಟೆಗೊಮ್ಮೆ ಹೊಟ್ಟೆಗೆ ಏನಾದ್ರೂ ಬೀಳ್ತಿರಬೇಕು, ಯಜಮಾನ್ರೇ. ಮುಖ್ಯವಾಗಿ ವ್ಯಾಯಾಮ ಆದ ಅರ್ಧ ಗಂಟೆ. ಆಗ ಸ್ನಾಯುವಿನ ಬಾಗಿಲು ತೆರೆದಿರುತ್ತೆ. ಆಮೇಲೆ ಮುಚ್ಚಿಬಿಡುತ್ತೆ. ಎಷ್ಟು ತಿಂದ್ರೂ ದಂಡ."

ಬಾಗಿಲು ಎಂಬ ಮಾತು ಬೆಂಕಿರಾಯನ ಎದೆಗೆ ನೇರವಾಗಿ ಇಳಿಯಿತು. ಇದು ತನಗೆ ಗೊತ್ತಿರುವ ಕೆಲಸ. ಅಂದಿನಿಂದ ಮನೆಯಲ್ಲಿ ಪಾಳಿ ಶುರುವಾಯಿತು. ಹಾಲು, ಮೊಟ್ಟೆ, ಬೇಯಿಸಿದ ಬೇಳೆ, ಮೊಸರು, ಮತ್ತೆ ಹಾಲು. ನಿದ್ದೆಯಲ್ಲಿದ್ದರೆ ಭುಜ ತಟ್ಟಿ ಎಬ್ಬಿಸುತ್ತಿದ್ದ. ಅವಳು ಪ್ರತಿಸಲ ಅರ್ಧ ತಿಂದು ಅರ್ಧ ಬಿಡುತ್ತಿದ್ದಳು. ಆ ಅರ್ಧವನ್ನೇ ಅವನು ಅಡುಗೆಮನೆಯಲ್ಲಿ ನಿಂತುಕೊಂಡು ತಿಂದು ಪಾತ್ರೆ ತೊಳೆಯುತ್ತಿದ್ದ.

ಒಂದು ದಿನ ಮಾತ್ರ ಹೊತ್ತು ತಪ್ಪಿತು. ವ್ಯಾಯಾಮ ಮುಗಿದಿತ್ತು, ಮೊಟ್ಟೆ ಇರಲಿಲ್ಲ. ಅಂಗಡಿಗೆ ಓಡಿದ. ಮುಂದಿದ್ದ ಹೆಂಗಸು ಸೋಪಿನ ವಾಸನೆ ನೋಡುತ್ತಾ ನಿಂತುಬಿಟ್ಟಳು. ಅವನು ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ ಅರ್ಧ ಗಂಟೆ ದಾಟಿಹೋಗಿತ್ತು. ಅದಾದ ವಾರದಿಂದಲೇ ಅವಳ ಬಲಗಾಲು ಮೊದಲಿನಷ್ಟು ಮೇಲೇಳಲಿಲ್ಲ. ಇದನ್ನು ಅವನು ಅವಳಿಗೆ ಹೇಳಲಿಲ್ಲ. ದೇವರಿಗೆ ಹೇಳಿದ.

ವ್ಯಾಯಾಮ ಮಾಡಿಸಲು ಆಸ್ಪತ್ರೆಯಿಂದ ಬರುತ್ತಿದ್ದ ಹೆಣ್ಣುಮಗಳು ಮುಂದೊಂದು ದಿನ ಬೆಳಿಗ್ಗೆ ಬಂದವಳು ಬಹಳ ಹೊತ್ತು ಹೆಂಡತಿಯ ತೊಡೆ ಮುಟ್ಟಿ ನೋಡಿದಳು. "ಅಮ್ಮಾ, ಎತ್ತಿ ನೋಡೋಣ" ಎಂದಳು. ಹಿಮ್ಮಡಿ ಹಾಸಿಗೆ ಬಿಟ್ಟು ಏಳಲಿಲ್ಲ. ಹೊದಿಕೆ ಮಾತ್ರ ಸ್ವಲ್ಪ ಅಲುಗಿತು.

"ಇವತ್ತು ಮುಷ್ಕರ ಹೂಡಿದೆ" ಎಂದಳು ಹೆಂಡತಿ, ಕಾಲಿನ ಕಡೆ ನೋಡುತ್ತಾ. "ಊಟ ಜಾಸ್ತಿಯಾಗಿ ಸೊಕ್ಕು ಬಂದಿರಬೇಕು."

ಬೆಂಕಿರಾಯ ಆ ಹೆಣ್ಣುಮಗಳನ್ನು ಅಡುಗೆಮನೆಗೆ ಕರೆದು ಬಾಗಿಲು ಒರಗಿಸಿದ.

"ಒಂದು ಕೇಳ್ತೀನಿ, ಮುಚ್ಚಿಡಬೇಡ ತಾಯಿ. ಒಂದು ದಿನ ನಾನು ಮೊಟ್ಟೆ ಕೊಡೋದು ತಡವಾಯ್ತು. ಅರ್ಧ ಗಂಟೆ ದಾಟಿಹೋಗಿತ್ತು. ಅದಕ್ಕೇ ಹೀಗಾಯ್ತಾ?"

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಅವನು ಮಾಸ್ಟರ್ ಹೇಳಿದ್ದನ್ನೆಲ್ಲ ಹೇಳಿದ. ಕೇಳುತ್ತಾ ಕೇಳುತ್ತಾ ಅವಳು ಸಾಲಾಗಿ ಮುಚ್ಚಿಟ್ಟಿದ್ದ ಬಟ್ಟಲುಗಳನ್ನು ನೋಡಿದಳು.

"ಹಾಗೇನೂ ಇಲ್ಲ ಯಜಮಾನ್ರೇ. ಆ ಬಾಗಿಲು ಅಷ್ಟು ಬೇಗ ಮುಚ್ಚೋದಿಲ್ಲ. ಸಂಜೆ ಕೊಟ್ಟಿದ್ರೂ ನಡೀತಿತ್ತು. ಎಷ್ಟು ಸಲ ತಿಂದ್ರು ಅನ್ನೋದಕ್ಕಿಂತ ದಿನಕ್ಕೆ ಒಟ್ಟು ಎಷ್ಟು ತಿಂದ್ರು ಅನ್ನೋದು ಮುಖ್ಯ. ಅಮ್ಮನಿಗೆ ಹಸಿವಾಗೋಕೆ ನೀವು ಪುರಸೊತ್ತೇ ಕೊಟ್ಟಿಲ್ಲ ಅನ್ಸುತ್ತೆ."

"ಹಾಗಾದ್ರೆ ನನ್ನಿಂದ ಕೆಟ್ಟಿದ್ದಲ್ಲ."

"ಖಂಡಿತ ಅಲ್ಲ."

"ಹೊತ್ತು ಬದಲಾಯಿಸ್ತೀನಿ ಬಿಡು. ಹಸಿವಾದಾಗಲೇ ಕೊಡ್ತೀನಿ. ಆಗ ಕಾಲು ಬರುತ್ತಲ್ಲ?"

ಅವಳು ತೆರೆದೇ ಇದ್ದ ನಲ್ಲಿಯನ್ನು ತಿರುಗಿಸಿ ನಿಲ್ಲಿಸಿದಳು.

"ಡಾಕ್ಟರು ನಿಮಗೆ ಹೇಳಿದ್ದಾರಲ್ಲ. ಎದೆಯ ಸೋಂಕು ವಾಸಿಯಾದ್ರೂ ಬೇರೆ ಕಾಯಿಲೆ ಒಳಗಿಂದಲೇ ಮೈ ಕರಗಿಸ್ತಿದೆ. ಊಟದಿಂದ ತಡೆಯೋಕಾಗೋದಲ್ಲ ಇದು. ಇನ್ನು ಅವರಿಗೆ ನೋವಾಗದ ಹಾಗೆ ನೋಡ್ಕೊಳ್ಳೋಣ."

ಡಾಕ್ಟರು ಹೇಳಿದ್ದರು. ಆಗ ಅವನು ತಲೆಯನ್ನೂ ಆಡಿಸಿದ್ದ. ಆದರೆ ಆ ಮಾತು ಈಗ ಮಾತ್ರ ಕಿವಿಗೆ ಬಿತ್ತು.

ಆ ಹೆಣ್ಣುಮಗಳು ಹೊರಟುಹೋದ ಮೇಲೆ ಅವನು ಅಡುಗೆಮನೆಯಲ್ಲೇ ನಿಂತ. ತಪ್ಪು ತನ್ನದಲ್ಲವೆಂದು ತಿಳಿದಾಗ ಎದೆ ಹಗುರಾಗಬೇಕಿತ್ತು. ಆಗಲಿಲ್ಲ. ತಪ್ಪು ಅವನದೇ ಆಗಿದ್ದರೆ ತಿದ್ದಬಹುದಿತ್ತು. ನಾಳೆಯಿಂದ ಇನ್ನೂ ಬೇಗ ಎದ್ದು, ಇನ್ನೂ ಜಾಗ್ರತೆಯಿಂದ ಗಡಿಯಾರ ನೋಡಿ, ಇಳಿದ ಹಬೆಯನ್ನು ಮತ್ತೆ ಏರಿಸಬಹುದಿತ್ತು. ಈಗ ಮಾಡುವುದಕ್ಕೆ ಏನೂ ಇರಲಿಲ್ಲ. ದೇವರೇ ಎಂದು ಶುರುಮಾಡಿದ. ಮುಂದೆ ಏನು ಕೇಳಬೇಕೆಂದು ತಿಳಿಯಲಿಲ್ಲ.

ಮಧ್ಯಾಹ್ನದವರೆಗೂ ಅವನು ಏನನ್ನೂ ಒಯ್ಯಲಿಲ್ಲ. ಹೆಂಡತಿ ನಿದ್ದೆ ಮಾಡಿದಳು, ಅವನು ಎಬ್ಬಿಸಲಿಲ್ಲ. ಎಚ್ಚರವಾದಾಗ ಅವಳೇ ಕೂಗಿದಳು.

"ರೀ, ಎಲ್ಲಿ ಹೋದ್ರಿ? ಹಸಿವಾಗ್ತಿದೆ."

ಆಸ್ಪತ್ರೆಯಿಂದ ಬಂದ ಮೇಲೆ ಅವಳ ಬಾಯಿಂದ ಆ ಮಾತು ಬಂದದ್ದು ಅದೇ ಮೊದಲು. ಅವನು ಸೂಪು ಬಿಸಿ ಮಾಡಿ, ಬ್ರೆಡ್ಡಿನ ಜೊತೆ ತಂದು ಮಂಚದ ಪಕ್ಕ ಕೂತು ಚಮಚ ಎತ್ತಿದ. ಅವಳು ಅವನ ಕೈ ಹಿಡಿದು ತಡೆದಳು.

"ನಿಮ್ಮದೆಲ್ಲಿ?"

"ನಂದು ಆಮೇಲೆ."

"ಆಮೇಲೆ ಅಂದ್ರೆ ನನ್ನ ಎಂಜಲು, ಸಿಂಕಿನ ಹತ್ರ ನಿಂತ್ಕೊಂಡು. ಪಾತ್ರೆ ಸದ್ದು ಕೇಳಿಸೋದಿಲ್ಲ ಅಂದ್ಕೊಂಡ್ರಾ? ತನ್ನಿ ನಿಮ್ಮ ಬಟ್ಟಲು."

ಅವನು ತಂದ. ಅವಳ ಬೆನ್ನಿಗೆ ಎರಡು ದಿಂಬು ಕೊಟ್ಟು ಎದುರಿಗೆ ಕೂತ. ಚಮಚವನ್ನು ಅವಳ ಕೈಗೇ ಕೊಟ್ಟ. ಮೊದಲ ಗುಟುಕು ಚೆಲ್ಲದೆ ಬಾಯಿ ಸೇರಿತು.

"ಆ ಹುಡುಗಿ ಏನಂದ್ಲು?"

"ಹೊತ್ತಿಗೆ ಸರಿಯಾಗಿ ತಿನ್ನಿಸೋದೇನೂ ಬೇಕಾಗಿಲ್ಲವಂತೆ."

"ಮತ್ತೆ?"

ಅವನು ಬ್ರೆಡ್ ಮುರಿಯುತ್ತಾ ಕೂತ. ಎಷ್ಟು ಮುರಿದರೂ ಮುಗಿಯಲಿಲ್ಲ.

"ಬಿಡಿ, ಗೊತ್ತು" ಎಂದಳು. "ಕಾಲು ನಂದಲ್ವಾ?"

"ಗೊತ್ತಿದ್ದೂ ಯಾಕೆ ತಿಂದೆ ಅಷ್ಟೊಂದು? ಕಷ್ಟಪಟ್ಟುಕೊಂಡು?"

"ನೀವು ಚಮಚ ಹಿಡ್ಕೊಂಡು ಹಂಗೆ ನಿಂತ್ರೆ ಬೇಡ ಅನ್ನೋದು ಹೇಗೆ? ಕೆಲಸದಿಂದ ತೆಗೆದ ಹಾಗಾಗುತ್ತೆ ಪಾಪ."

ಅವನು ಮುಖ ಕೆಳಗೆ ಮಾಡಿದ. ಅವಳು ನೋಡದವಳಂತೆ ಬ್ರೆಡ್ಡಿನ ಚೂರೊಂದನ್ನು ಸೂಪಿನಲ್ಲಿ ಅದ್ದಿ, ಮೆತ್ತಗಾಗಲೆಂದು ಹಿಡಿದುಕೊಂಡಳು. ಹೆಚ್ಚು ಹೊತ್ತಾಯಿತೇನೋ, ಚೂರು ಮುರಿದು ಬಟ್ಟಲಿನೊಳಗೆ ಬಿತ್ತು.

"ಅಯ್ಯೋ, ಎಲ್ಲಿ ಹೋಯ್ತು ಇದು?" ಎಂದು ಅವಳು ಚಮಚದಿಂದ ಹುಡುಕತೊಡಗಿದಳು. ಅವನು ತನ್ನ ಬಟ್ಟಲನ್ನು ಕೆಳಗಿಟ್ಟು, ಅವಳ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಅವಳ ಕಡೆಗೆ ಓರೆ ಮಾಡಿದ. ಅವಳು ತಳ ಕೆರೆಯುತ್ತಾ ಹುಡುಕಿದಳು. ಅವನು ಹಾಗೆಯೇ ಹಿಡಿದುಕೊಂಡು ಕೂತ.