ಎರಡನೆಯ ಬಾಯಿ

ನೀರು ಪರೀಕ್ಷಾ ಕೇಂದ್ರದ ಕಂಪ್ಯೂಟರಿಗೆ ಎರಡು ಬಾಯಿ. ಒಂದನೆಯದು ಫಲಿತಾಂಶ ಹೇಳುತ್ತದೆ, ಎರಡನೆಯದು ತಕರಾರು. ಫಲಿತಾಂಶವನ್ನು ‘>’ ಗುರುತು ಹಾಕಿ ‘ವರದಿ’ ಎಂಬ ಕಡತಕ್ಕೆ ತಿರುಗಿಸಿದ್ದರು. ತಕರಾರು ಮಾತ್ರ ಯಾರ ಮುಲಾಜೂ ಇಲ್ಲದೆ ಪರದೆಯ ಮೇಲೆ ಬೀಳುತ್ತಿತ್ತು. ಹದಿನೈದು ದಿನದಿಂದ ಒಂದೇ ರಾಗ: ‘ಮೂರನೇ ಟ್ಯಾಂಕಿನ ಕ್ಲೋರಿನ್ ಮಾಪಕ ಉತ್ತರಿಸುತ್ತಿಲ್ಲ; ಹಳೆಯ ಅಂಕಿ ಬಳಸಲಾಗಿದೆ.’

ವರದಿಯಲ್ಲಿ ಮಾತ್ರ ಮೂರನೇ ಟ್ಯಾಂಕು ದಿನವೂ ಗಟ್ಟಿಮುಟ್ಟು. ಕೆಳಗೆ ಸಹಿ ರಸಾಯನಜ್ಞೆಯದು. ಹೊಸ ಮಾಪಕಕ್ಕೆ ಆಕೆ ಬರೆದ ಮೂರು ಪತ್ರ ಮುಖ್ಯಸ್ಥರ ಮೇಜಿನ ಮೇಲೆ ತಣ್ಣಗೆ ಮಲಗಿದ್ದವು.

ಅಂದು ಹನ್ನೊಂದಕ್ಕೆ ತಪಾಸಣಾಧಿಕಾರಿ ಬರುವವರಿದ್ದರು.

“ನೋಡಮ್ಮಾ,” ಎಂದರು ಮುಖ್ಯಸ್ಥರು, “ಈ ಪರದೆ ಮೇಲೆ ಒಂದಕ್ಷರ ಕಾಣಬಾರದು. ನೆಂಟರು ಬಂದಾಗ ಒಗೆಯೋ ಬಟ್ಟೆ ಹಜಾರದಲ್ಲಿ ಇಡ್ತೀವಾ?”

“ತಕರಾರು ಎಲ್ಲಿಗೆ ಕಳಿಸ್ಲಿ ಸಾರ್?”

“ಎಲ್ಲಿಗಾದ್ರೂ ಕಳಿಸು.”

ಎಲ್ಲಿಗಾದರೂ ಎಂದರೆ ಸಾಮಾನ್ಯವಾಗಿ ‘/dev/null’ ಎಂಬ ತಳವಿಲ್ಲದ ಬಾವಿ. ಅದರಲ್ಲಿ ಬಿದ್ದದ್ದು ದೇವರಿಗೂ ಸಿಗದು. ಆಕೆ ಅರ್ಧ ಟೈಪಿಸಿ ಅಳಿಸಿದಳು. ಆ ನೀರು ಕುಡಿದವರಿಗೆ ಏನಾದರೂ ಆದರೆ ಎಲ್ಲರೂ ಮೊದಲು ಹುಡುಕುವುದು ಸಹಿಯನ್ನು. ತಕರಾರೂ ವರದಿಗೇ ಹೋಗಲಿ ಎಂದು ‘2>&1 > ವರದಿ’ ಬರೆದು ಓಡಿಸಿದಳು. ಅದು ಮತ್ತೆ ಪರದೆಯ ಮೇಲೇ ಬಂದು ಕೂತಿತು.

ಹತ್ತೂ ಐವತ್ತು. ಕಂಪ್ಯೂಟರ್ ಕೆಲಸದ ನಾದಿನಿಗೆ ಫೋನ್ ಹಚ್ಚಿ, ಬರೆದದ್ದನ್ನು ಓದಿ ಹೇಳಿದಳು.

“ಅಯ್ಯೋ ಅತ್ತಿಗೆ, ಹಿಂದುಮುಂದಾಗಿದೆ! ಅದು ಎಡದಿಂದ ಓದ್ಕೊಂಡು ಬರತ್ತೆ. ಒಂದನೇದು ಇನ್ನೂ ಪರದೆ ಕಡೆ ಇದ್ದಾಗ್ಲೇ ಎರಡನೇದಕ್ಕೆ ‘ಅಣ್ಣ ಇರೋ ಕಡೆ ಹೋಗು’ ಅಂದ್ರಿ. ಹೋಯ್ತು. ಆಮೇಲೆ ಅಣ್ಣನ್ನ ಕಡತಕ್ಕೆ ಕಳಿಸಿದ್ರಿ, ತಮ್ಮ ಅಲ್ಲೇ ಉಳಕೊಂಡ. ಮೊದ್ಲು ಅಣ್ಣನ್ನ ಕಳಿಸಿ.”

“ನಿಮ್ಮಣ್ಣನ್ನ ಕಳಿಸಿದ್ರೆ ವಾಪಸ್ಸೇ ಬರಲ್ಲ ಕಣೇ.”

“ಅದು ನಿಮ್ಮ ಹಣೆಬರಹ. ‘> ವರದಿ 2>&1’ ಅಂತ ಬರೀರಿ.”

ಪರದೆ ಖಾಲಿಯಾಯಿತು. ಮುಖ್ಯಸ್ಥರ ಮುಖ ಅರಳಿತು. ತಪಾಸಣಾಧಿಕಾರಿ ಪರದೆಯತ್ತ ತಿರುಗಿಯೂ ನೋಡದೆ ಆಗಷ್ಟೇ ಮುದ್ರಿಸಿದ ವರದಿ ಕೈಗೆತ್ತಿಕೊಂಡರು. ತಕರಾರು ಫಲಿತಾಂಶಕ್ಕೆ ಕಾಯುವ ಜಾಯಮಾನದ್ದಲ್ಲ. ಮೊದಲ ಸಾಲಿನಲ್ಲೇ ಇತ್ತು.

“ಎಷ್ಟು ದಿನದಿಂದ ಹೀಗೆ?”

ಮುಖ್ಯಸ್ಥರು ಕೆಮ್ಮಿದರು.

“ಹದಿನೈದು,” ಎಂದಳು ಆಕೆ.

“ಅಷ್ಟೂ ದಿನ ಸಹಿ ಹಾಕಿದ್ದು?”

“ನಾನೇ ಸಾರ್.”

ಮೂರನೇ ಟ್ಯಾಂಕಿನ ಕವಾಟವನ್ನು ಮಧ್ಯಾಹ್ನದೊಳಗೆ ಮುಚ್ಚಿದರು. ಸಂಜೆಗೆ ಎರಡು ನೋಟಿಸು ಬಂದವು, ಮುಖ್ಯಸ್ಥರಿಗೊಂದು, ಆಕೆಗೊಂದು. ಆಕೆ ತನ್ನದನ್ನು ಎರಡು ಸಲ ಓದಿ, ಮಡಚಿ ಚೀಲಕ್ಕೆ ಹಾಕಿಕೊಂಡು, ಅಂದಿನ ವರದಿಯ ಕೆಳಗೆ ಸಹಿ ಮಾಡಿದಳು.